ಒಂದು ದುರಂತಕ್ಕೆ ಎಷ್ಟು ಸ್ಮರಣ ದಿನಗಳು? ಯೆಹೂದಿ ಪಂಚಾಂಗದಲ್ಲಿ ಇನ್ನೂ ಮುಗಿಯದ ಒಂದು ವಿವಾದ

ಪಂಚಾಂಗಪ್ರಿಯ

ನಾಜಿ ಜರ್ಮನಿ ನಡೆಸಿದ ಹತ್ಯಾಕಾಂಡವಾದ ಹೋಲೋಕಾಸ್ಟ್‌ನಲ್ಲಿ ಮಡಿದ 60 ಲಕ್ಷ ಯೆಹೂದಿಗಳನ್ನು ಸ್ಮರಿಸಲು ವಿಶ್ವಸಂಸ್ಥೆ ಜನವರಿ 27ನ್ನು ಗೊತ್ತು ಮಾಡಿದೆ. ಇಸ್ರೇಲ್ ಅದಕ್ಕಾಗಿ ಹೀಬ್ರೂ ಪಂಚಾಂಗದ ನಿಸಾನ್ ಮಾಸದ 27ನೆಯ ದಿನವನ್ನು ಆಚರಿಸುತ್ತದೆ. ಅದೇ ದೇಶದ ಮುಖ್ಯ ರಬ್ಬಿಗಳ (ಯೆಹೂದಿ ಧರ್ಮಗುರುಗಳ) ಮಂಡಳಿ ತೇವೇತ್ ಮಾಸದ 10ನೆಯ ದಿನವನ್ನು ಸೂಚಿಸಿತ್ತು. ಸಂಪ್ರದಾಯನಿಷ್ಠರಲ್ಲಿ ಅನೇಕರು ಇವು ಯಾವುವೂ ಬೇಡ, ಆವ್ ಮಾಸದ 9ನೆಯ ದಿನದ ಹಳೆಯ ಉಪವಾಸವೇ ಸಾಕು ಎನ್ನುತ್ತಾರೆ.

ಸತ್ತವರು ಅವರೇ, ದುಃಖವೂ ಒಂದೇ ಆಗಿರುವಾಗ ದಿನ ಮಾತ್ರ ಏಕೆ ಬೇರೆಬೇರೆಯಾಯಿತು? ಪಂಚಾಂಗ ಲೆಕ್ಕದ ತೊಡಕು ಇದಕ್ಕೆ ಕಾರಣವೆಂದು ಮೊದಲು ಭಾವಿಸಿದ್ದೆ. ಓದುತ್ತ ಹೋದಂತೆ, ದಿನದ ಬಗೆಗಿನ ಜಗಳವೆಲ್ಲ ನಿಜವಾಗಿ ಏನನ್ನು ನೆನೆಯಬೇಕೆಂಬುದರ ಬಗೆಗಿನ ಜಗಳವೆಂದು ತೋರುತ್ತಿದೆ. ಈ ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು. ಯೆಹೂದಿ ಹಬ್ಬಗಳ ಸಾಮಾನ್ಯ ಪಟ್ಟಿ ಎಲ್ಲ ಕಡೆಯೂ ಸಿಗುತ್ತದೆ, ಅದು ನನಗೆ ಬೇಡ.

ಇತಿಹಾಸದ ಮೇಷ್ಟ್ರು

ಪಂಚಾಂಗಪ್ರಿಯರೇ, ನೀವು ಹಿಡಿದಿರುವ ಎಳೆ ಸರಿಯಾಗಿದೆ. ನಿಸಾನ್ 27ರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ದಿನ ಯಾವ ಘಟನೆಯೂ ಸಂಭವಿಸಲಿಲ್ಲ. ಅದು ಒಂದು ರಾಜಿಯ ಫಲ.

ಪೋಲೆಂಡಿನ ವಾರ್ಸಾ ಘೆಟ್ಟೋದ, ಅಂದರೆ ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಕೇರಿಯ, ದಂಗೆ ಆರಂಭವಾದದ್ದು 1943ರ ಏಪ್ರಿಲ್ 19ರಂದು. ಹೀಬ್ರೂ ಪಂಚಾಂಗದ ಪ್ರಕಾರ ಅದು ನಿಸಾನ್ 14, ಅಂದರೆ ಪೆಸಾಖ್ ಹಬ್ಬದ ಮುನ್ನಾದಿನ. ಬದುಕುಳಿದ ಹೋರಾಟಗಾರರಲ್ಲಿ ಅನೇಕರು ಮುಂದೆ ಇಸ್ರೇಲಿಗೆ ಬಂದು ನೆಲೆಸಿದರು. ದಂಗೆಯ ದಿನವೇ ರಾಷ್ಟ್ರೀಯ ಸ್ಮರಣ ದಿನವಾಗಬೇಕೆಂಬುದು ಅವರ ಮತ್ತು ಅವರ ರಾಜಕೀಯ ಚಳವಳಿಗಳ ಬಲವಾದ ಆಗ್ರಹವಾಗಿತ್ತು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ಸಂಭ್ರಮಿಸಲು ಮನೆ ಮನೆಯೂ ಸಜ್ಜಾಗುವ ದಿನದಂದು ಶೋಕಾಚರಣೆ ಇಟ್ಟುಕೊಳ್ಳಲು ಧಾರ್ಮಿಕ ಪಕ್ಷಗಳು ಒಪ್ಪುವಂತಿರಲಿಲ್ಲ. ಅಷ್ಟೇ ಅಲ್ಲ, ನಿಸಾನ್ ಇಡೀ ಮಾಸವನ್ನೇ ಸಂಪ್ರದಾಯವು ಶುಭಮಾಸವೆಂದು ಪರಿಗಣಿಸುತ್ತದೆ. ಆ ತಿಂಗಳು ಸತ್ತವರಿಗಾಗಿ ಸಾರ್ವಜನಿಕ ಶೋಕಭಾಷಣ ಮಾಡುವಂತಿಲ್ಲ.

ಈ ಗಂಟನ್ನು ಬಿಡಿಸುವ ಹೊಣೆ ಹೊತ್ತವರು ಇಸ್ರೇಲಿನ ಸಂಸತ್ತಾದ ಕ್ನೆಸೆಟ್‌ನ ಸದಸ್ಯರಾಗಿದ್ದ ರಬ್ಬಿ ಮೊರ್ದೆಖಾಯ್ ನುರೋಕ್. ಅವರು ಲಾಟ್ವಿಯಾದವರು, ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಅದೇ ಹತ್ಯಾಕಾಂಡದಲ್ಲಿ ಕಳೆದುಕೊಂಡಿದ್ದವರು. 1951ರ ಏಪ್ರಿಲ್ 12ರಂದು ಕ್ನೆಸೆಟ್ ನಿಸಾನ್ 27ನ್ನು ಅಂಗೀಕರಿಸಿತು. ಆ ಹೊತ್ತಿಗೆ ಪೆಸಾಖ್ ಮುಗಿದಿರುತ್ತದೆ; ದಂಗೆ ನಡೆದ ವಾರಗಳ ಒಳಗೇ ದಿನ ಬರುತ್ತದೆ; ಪೆಸಾಖ್‌ನಿಂದ ಶಾವುಒತ್ ಹಬ್ಬದವರೆಗೆ ದಿನಗಳನ್ನು ಎಣಿಸುವ ‘ಓಮೆರ್’ ಅವಧಿಯಲ್ಲಿ ಮದುವೆ, ವಾದ್ಯಗಳನ್ನು ಬಿಡುವ ರೂಢಿ ಮೊದಲೇ ಇರುವುದರಿಂದ ಶೋಕಕ್ಕೆ ಒಂದು ಹಿನ್ನೆಲೆಯೂ ದೊರೆಯುತ್ತದೆ. ಹೋರಾಟಗಾರರಿಗೂ ರಬ್ಬಿಗಳಿಗೂ ಅರ್ಧರ್ಧ ಸಿಕ್ಕಿತು, ಪೂರ್ಣ ತೃಪ್ತಿ ಯಾರಿಗೂ ಆಗಲಿಲ್ಲ.

ದಿನದ ಅಧಿಕೃತ ಹೆಸರಿನಲ್ಲಿ ‘ಶೋವಾ’ದ (ಹೋಲೋಕಾಸ್ಟ್‌ಗೆ ಹೀಬ್ರೂ ಹೆಸರು) ಪಕ್ಕದಲ್ಲಿಯೇ ‘ಶೌರ್ಯ’ ಎಂಬುದನ್ನೂ ಸೇರಿಸಿದರು. ಆ ಸೇರ್ಪಡೆಯ ಹಿಂದೆ ಆಗಿನ ಇಸ್ರೇಲಿನ ಮನಃಸ್ಥಿತಿಯೇ ಇದೆ. ಯುದ್ಧ ಮಾಡಿ ರಾಷ್ಟ್ರ ಕಟ್ಟಿದ ಪೀಳಿಗೆಗೆ ಆಯುಧ ಹಿಡಿದು ಸತ್ತವರ ಬಗ್ಗೆ ಹೆಮ್ಮೆಯಿತ್ತು. ಹಿಡಿಯದೆ ಸತ್ತ ಲಕ್ಷಾಂತರ ಜನರ ಬಗ್ಗೆ ಮಾತನಾಡುವ ಭಾಷೆ ಇನ್ನೂ ರೂಪುಗೊಂಡಿರಲಿಲ್ಲ. ಮೊದಲ ವರ್ಷಗಳಲ್ಲಿ ಜನಸಾಮಾನ್ಯರು ಈ ದಿನವನ್ನು ಅಷ್ಟಾಗಿ ಪಾಲಿಸಲೂ ಇಲ್ಲ. 1959ರಲ್ಲಿ ಕಾನೂನು ಬಂದಿತು. 1961ರ ತಿದ್ದುಪಡಿಯಿಂದ ಮುನ್ನಾದಿನದ ಸಂಜೆಯೇ ಮನರಂಜನಾ ಸ್ಥಳಗಳನ್ನು ಮುಚ್ಚಬೇಕಾಯಿತು. ಬೆಳಿಗ್ಗೆ 10 ಗಂಟೆಗೆ ಎರಡು ನಿಮಿಷ ಸೈರನ್ ಮೊಳಗುವುದು, ಹೆದ್ದಾರಿಯಲ್ಲಿ ವಾಹನ ನಿಲ್ಲಿಸಿ ಜನ ಕೆಳಗಿಳಿದು ನಿಲ್ಲುವುದು, ಹೋಲೋಕಾಸ್ಟ್‌ನ ರಾಷ್ಟ್ರೀಯ ಸ್ಮಾರಕವಾದ ಯಾದ್ ವಶೆಮ್‌ನಲ್ಲಿ ಆರು ದೀವಟಿಗೆಗಳನ್ನು ಹೊತ್ತಿಸುವುದು, ಇವೆಲ್ಲ ಕಾಲಕ್ರಮದಲ್ಲಿ ನೆಲೆನಿಂತ ಆಚರಣೆಗಳು.

ಜನವರಿ 27ರ ವಿಷಯ ಸರಳವಾಗಿದೆ. 1945ರ ಆ ದಿನ ಸೋವಿಯತ್ ಸೇನೆ ಆಶ್ವಿಟ್ಸ್ ಶಿಬಿರವನ್ನು ತಲುಪಿತು. ಅಲ್ಲಿ ಉಳಿದಿದ್ದವರು ಸುಮಾರು 7,000 ಬಂದಿಗಳು. ಜರ್ಮನಿ 1996ರಿಂದ ಆ ದಿನವನ್ನು ಆಚರಿಸುತ್ತಿತ್ತು, ವಿಶ್ವಸಂಸ್ಥೆಯ ಮಹಾಸಭೆ 2005ರ ನವೆಂಬರ್ 1ರಂದು ಅದನ್ನು ಅಂತರರಾಷ್ಟ್ರೀಯ ದಿನವಾಗಿಸಿತು. ಅದು ಹೊರಗಿನಿಂದ ಬಂದವರು ಬಾಗಿಲು ತೆರೆದ ದಿನ. ನಿಸಾನ್ 27 ಒಳಗಿದ್ದವರು ತಿರುಗಿಬಿದ್ದುದನ್ನು ನೆನೆಯುವ ದಿನ. ಎರಡರ ಉದ್ದೇಶವೂ ಬೇರೆ, ಸಂಬೋಧಿಸುವ ಜನರೂ ಬೇರೆ.

ತುಂಗಾತೀರ

ಮೇಷ್ಟ್ರ ವಿವರಣೆಗೆ ರಬ್ಬಿಗಳ ವಾದವನ್ನೂ ಜೋಡಿಸಬೇಕೆನಿಸಿತು. ಅವರ ವಿರೋಧವನ್ನು ಬರಿಯ ಹಟವೆಂದು ತಳ್ಳಿಹಾಕುವುದು ಸುಲಭ, ಆದರೆ ಅದರ ಹಿಂದೆ ಸಾವಿರ ವರ್ಷಗಳ ತರ್ಕವೊಂದಿದೆ.

1096ರಲ್ಲಿ ಕ್ರೈಸ್ತರ ಮೊದಲ ಧರ್ಮಯುದ್ಧಕ್ಕೆ (ಕ್ರುಸೇಡ್) ಹೊರಟ ಗುಂಪುಗಳು ರೈನ್ ನದಿಯ ದಂಡೆಯ ಸ್ಪೆಯರ್, ವರ್ಮ್ಸ್, ಮೈನ್ಸ್ ಪಟ್ಟಣಗಳ ಯೆಹೂದಿಗಳ ಮೇಲೆ ಎರಗಿದವು. ಆ ಹತ್ಯೆಗಳು ನಡೆದದ್ದು ಬಹುಪಾಲು ಮೇ ತಿಂಗಳಲ್ಲಿ. ಆದರೂ ಅವುಗಳ ಶೋಕಗೀತೆಗಳನ್ನು ಇಂದಿಗೂ ಹಾಡುವುದು ಬೇಸಿಗೆಯ ಕೊನೆಯ ಭಾಗದಲ್ಲಿ ಬರುವ ಆವ್ 9ರಂದು, ಅಂದರೆ ತಿಶಾ ಬೆಆವ್ ದಿನ. ಯೆರೂಸಲೇಮಿನ ದೇವಾಲಯದ ನಾಶಕ್ಕೆ ಮೀಸಲಾದ ದಿನವಿರುವಾಗ ಇನ್ನೊಂದು ಶೋಕದಿನವನ್ನು ಸೇರಿಸಬಾರದು, ಹೊಸ ಗಾಯವನ್ನೂ ಆ ಹಳೆಯ ದಿನಕ್ಕೇ ಒಪ್ಪಿಸಬೇಕು ಎಂದು ಆ ಕಾಲದ ಕವಿಯೇ ತನ್ನ ಗೀತೆಯೊಳಗೆ ವಾದಿಸುತ್ತಾನೆ. ಕ್ರಿ.ಪೂ. 586ರ ಮತ್ತು ಕ್ರಿ.ಶ. 70ರ ಎರಡು ದೇವಾಲಯಗಳ ನಾಶ, ರೋಮನ್ನರ ವಿರುದ್ಧ ಯೆಹೂದಿಗಳು ಹೋರಾಡಿದ ಬೆತಾರ್ ಕೋಟೆಯ ಪತನ, 1492ರ ಸ್ಪೇನಿನ ಉಚ್ಚಾಟನೆ, ಎಲ್ಲವೂ ಹೀಗೆ ಒಂದೇ ದಿನದೊಳಗೆ ಬಂದು ಸೇರಿವೆ. ಆ ದಿನ ಸೂರ್ಯಾಸ್ತದಿಂದ ಮರುದಿನ ಕತ್ತಲಾಗುವವರೆಗೆ ನೀರನ್ನೂ ಕುಡಿಯುವುದಿಲ್ಲ, ಚರ್ಮದ ಪಾದರಕ್ಷೆ ತೊಡುವುದಿಲ್ಲ, ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ನೆಲದ ಮೇಲೆ ಕುಳಿತು ಮಂದ ಬೆಳಕಿನಲ್ಲಿ ಪ್ರಲಾಪಗಳ ಗ್ರಂಥವನ್ನು ಓದುತ್ತಾರೆ.

ಈ ದೃಷ್ಟಿಯಲ್ಲಿ ಹೋಲೋಕಾಸ್ಟ್ ಅದೇ ಸರಣಿಯ ಅತ್ಯಂತ ಭೀಕರ ಕೊಂಡಿ. ಅದಕ್ಕೆ ಪ್ರತ್ಯೇಕ ದಿನ ಕೊಟ್ಟರೆ ಸರಣಿಯಿಂದ ಕಡಿದು ತೆಗೆದಂತಾಗುತ್ತದೆ. ಹಾಗಾಗಿ ಯುದ್ಧಾನಂತರ ಕೆಲವು ಹಿರಿಯ ರಬ್ಬಿಗಳು ಹೊಸ ಶೋಕಗೀತೆಗಳನ್ನು ರಚಿಸಿ ತಿಶಾ ಬೆಆವ್‌ನ ಪಾಠಕ್ಕೆ ಸೇರಿಸಿದರು. ಸೈರನ್ ಮೊಳಗುವಾಗ ಕಟ್ಟಾ ಸಂಪ್ರದಾಯಸ್ಥರಲ್ಲಿ ಹಲವರು ಎದ್ದು ನಿಲ್ಲದಿರುವುದಕ್ಕೂ ಇದೇ ಹಿನ್ನೆಲೆ: ಮೌನವಾಗಿ ನಿಲ್ಲುವುದು ಪರರ ಪದ್ಧತಿ, ಸತ್ತವರಿಗೆ ಸಲ್ಲಬೇಕಾದದ್ದು ಕೀರ್ತನೆಗಳ ಪಠಣ ಮತ್ತು ಶಾಸ್ತ್ರಾಧ್ಯಯನ ಎಂಬುದು ಅವರ ನಿಲುವು. ಪ್ರಧಾನಿಯಾದ ಮೆನಾಖೆಮ್ ಬೇಗಿನ್ ಅವರೇ 1977ರಲ್ಲಿ ಪ್ರತ್ಯೇಕ ದಿನವನ್ನು ಕೈಬಿಟ್ಟು ಹತ್ಯಾಕಾಂಡದ ಸ್ಮರಣೆಯನ್ನು ಆವ್ 9ಕ್ಕೆ ಸೇರಿಸುವ ಸಲಹೆ ಮಾಡಿದ್ದರು. ಅದು ಕೈಗೂಡಲಿಲ್ಲ.

ವಾರ್ಸಾ ಘೆಟ್ಟೋದಿಂದ ತ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಸಾಮೂಹಿಕ ಸಾಗಾಟ ಆರಂಭವಾದದ್ದು 1942ರ ಜುಲೈ 22ರಂದು. ಆ ಸಂಜೆಯೇ ತಿಶಾ ಬೆಆವ್ ಪ್ರವೇಶಿಸಿತ್ತು. ಎರಡು ತಿಂಗಳೊಳಗೆ ಅಲ್ಲಿಂದ ಸುಮಾರು 2,65,000 ಜನರನ್ನು ಕೊಂಡೊಯ್ದರು. ದಂಗೆಯ ತಾರೀಖನ್ನು ಆಯ್ದುಕೊಂಡವರ ಕೈಯಲ್ಲಿ ಈ ತಾರೀಖೂ ಇತ್ತು ಎಂಬುದನ್ನು ಮರೆಯಬಾರದು.

ಕರಾವಳಿಯಾಕೆ

ನಾನು ಕುಂದಾಪುರದ ಕಡೆಯವಳು. ಕರಾವಳಿಯಿಂದ ಬಂದ ಹಲವರಂತೆ ನಾನೂ ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆಯ ಕೆಲಸ ಮಾಡುತ್ತಿದ್ದೇನೆ. ಯಾರೂ ಹೆಚ್ಚು ಬರೆಯದೆ ಬಿಟ್ಟಿರುವ ತೇವೇತ್ 10ರ ಬಗ್ಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ.

ನಾನು ನೋಡಿಕೊಳ್ಳುವ ಅಜ್ಜಿಯನ್ನು ಇಲ್ಲಿಯ ಮಾತಿನಂತೆ ‘ಸಾವ್ತಾ’ ಎಂದೇ ಕರೆಯುತ್ತೇನೆ. ಅವರು ಬುಕೊವಿನಾ ಪ್ರಾಂತದಲ್ಲಿ ಹುಟ್ಟಿದವರು. 1941ರಲ್ಲಿ ರೊಮೇನಿಯಾದ ಸರಕಾರ ಅಲ್ಲಿಯ ಯೆಹೂದಿಗಳನ್ನು ನೀಸ್ಟರ್ ನದಿಯಾಚೆಯ ಟ್ರಾನ್ಸ್‌ನಿಸ್ಟ್ರಿಯಾಕ್ಕೆ ಅಟ್ಟಿತು. ಆ ಚಳಿಗಾಲ ಹಸಿವು ಮತ್ತು ಟೈಫಸ್ ಜ್ವರದಿಂದ ಅಲ್ಲಿ ಜನ ಗುಂಪುಗುಂಪಾಗಿ ಸತ್ತರು. ಅವರ ತಂದೆ ತೀರಿಕೊಂಡದ್ದೂ ಅಲ್ಲಿಯೇ, ಆದರೆ ಯಾವ ದಿನವೆಂದು ಯಾರಿಗೂ ಗೊತ್ತಿಲ್ಲ.

ಯೆಹೂದಿ ಮನೆಗಳಲ್ಲಿ ತಂದೆತಾಯಿ ತೀರಿಕೊಂಡ ಹೀಬ್ರೂ ದಿನದಂದು ವರ್ಷಕ್ಕೊಮ್ಮೆ 24 ಗಂಟೆ ಉರಿಯುವ ಮೇಣದ ದೀಪವಿಟ್ಟು ಕದ್ದಿಶ್ ಪ್ರಾರ್ಥನೆ ಹೇಳುವ ಕ್ರಮವಿದೆ. ದಿನವೇ ಗೊತ್ತಿಲ್ಲದಿದ್ದರೆ ಏನು ಮಾಡಬೇಕು? 1948ರ ಕೊನೆಯಲ್ಲಿ ಮುಖ್ಯ ರಬ್ಬಿಗಳ ಮಂಡಳಿ ಎದುರಿಸಿದ ಪ್ರಶ್ನೆ ಇದೇ. ಬಾಬಿಲೋನಿನ ರಾಜ ನೆಬೂಕದ್ನೆಚ್ಚರನು ಯೆರೂಸಲೇಮಿಗೆ ಮುತ್ತಿಗೆ ಹಾಕಿದ ದಿನವೆಂದು ಮೊದಲಿನಿಂದಲೂ ಉಪವಾಸ ಮಾಡುತ್ತಿದ್ದ ತೇವೇತ್ 10ನ್ನು, ಸಾವಿನ ದಿನ ತಿಳಿಯದ ಎಲ್ಲರಿಗೂ ಸಾಮಾನ್ಯ ಕದ್ದಿಶ್ ದಿನವೆಂದು ಅವರು ಗೊತ್ತು ಮಾಡಿದರು. ತಿಥಿ ತಿಳಿಯದ ಹಿರಿಯರಿಗೆ ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾವ್ತಾ ಸರಕಾರದ ದಿನದಂದು ಸೈರನ್ ಆದಾಗ ಕುರ್ಚಿಯ ತೋಳು ಹಿಡಿದು ಎದ್ದು ನಿಲ್ಲುತ್ತಾರೆ, ಟಿ.ವಿ.ಯಲ್ಲಿ ಯಾದ್ ವಶೆಮ್‌ನ ಸಮಾರಂಭವನ್ನೂ ನೋಡುತ್ತಾರೆ. ತಂದೆಗೆ ದೀಪ ಇಡುವುದು ಮಾತ್ರ ಚಳಿಗಾಲದ ತೇವೇತ್ 10ರಂದು. ಅವರ ಮಗ ಧರ್ಮಾಚರಣೆ ಬಿಟ್ಟವರು. ಅವರೂ ಆ ಸಂಜೆ ಬಂದು ಕದ್ದಿಶ್ ಹೇಳಿ ಹೋಗುತ್ತಾರೆ. ಎರಡು ದಿನಗಳ ನಡುವೆ ವಿರೋಧವಿದೆಯೆಂದು ಆ ಮನೆಯಲ್ಲಿ ಯಾರಿಗೂ ಅನಿಸಿದಂತಿಲ್ಲ.

ಸಂದೇಹಿ

ಎಲ್ಲರ ಬರಹವನ್ನೂ ಗೌರವದಿಂದ ಓದಿದ್ದೇನೆ. ಆದರೂ ಒಂದು ಆಕ್ಷೇಪವನ್ನು ಮುಚ್ಚಿಡಲಾರೆ. ಸ್ಮರಣೆಯನ್ನು ಸರಕಾರ ಕೈಗೆತ್ತಿಕೊಂಡ ಮೇಲೆ ಅದು ಸರಕಾರದ ಕೆಲಸಕ್ಕೇ ಬಳಕೆಯಾಗುತ್ತದೆ. ನಿಸಾನ್ 27 ಕಳೆದ ಸುಮಾರು ಒಂದು ವಾರಕ್ಕೆ ಮಡಿದ ಸೈನಿಕರ ಸ್ಮರಣ ದಿನ, ಅದರ ಮರುದಿನವೇ ಸ್ವಾತಂತ್ರ್ಯ ದಿನ. ನಾಶ, ಬಲಿದಾನ, ರಾಷ್ಟ್ರ ಎಂಬ ಮೂರು ಮೆಟ್ಟಿಲುಗಳನ್ನು ಹತ್ತಿಸಿದಂತೆ ಈ ಸಾಲು ಇದೆ. ಅದೇ 1948ರ ಘಟನೆಗಳನ್ನು ಪ್ಯಾಲೆಸ್ತೀನಿಯರು ಮೇ 15ರಂದು ನಕ್ಬಾ (ಮಹಾವಿಪತ್ತು) ಎಂದು ಶೋಕಿಸುತ್ತಾರೆ. ಅವರ ದುಃಖಕ್ಕೆ ಈ ಪಂಚಾಂಗದಲ್ಲಿ ಜಾಗವಿಲ್ಲ. ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತಿರುವ ಈ ಕಾಲದಲ್ಲಿ, ಇದನ್ನು ಬದಿಗಿಟ್ಟು ಪಂಚಾಂಗದ ಸೂಕ್ಷ್ಮಗಳನ್ನಷ್ಟೇ ಚರ್ಚಿಸುವುದು ನನಗೆ ಅಪೂರ್ಣವೆನಿಸುತ್ತದೆ.

ಇತಿಹಾಸದ ಮೇಷ್ಟ್ರು

ಸಂದೇಹಿಯವರ ಆಕ್ಷೇಪದಲ್ಲಿ ಹುರುಳಿದೆ. ಆ ಮೂರು ದಿನಗಳ ಸಾಲಿನ ಬಗ್ಗೆ ಇಸ್ರೇಲಿನ ವಿದ್ವಾಂಸರೇ ಬಹಳ ಬರೆದಿದ್ದಾರೆ. ಸೈನಿಕರ ಸ್ಮರಣ ದಿನವಾದ ಯೋಮ್ ಹಝಿಕರೋನ್ ಇಯಾರ್ ಮಾಸದ 4ರಂದು ಬರುತ್ತದೆ. ಹಿಂದಿನ ರಾತ್ರಿ 8ಕ್ಕೆ ಒಂದು ನಿಮಿಷ, ಮರುದಿನ ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಸೈರನ್. ಅಂದು ಸಂಜೆ ಕತ್ತಲಾಗುತ್ತಿದ್ದಂತೆ ಸ್ವಾತಂತ್ರ್ಯ ದಿನದ ಪಟಾಕಿ. ಸ್ಮಶಾನದಿಂದ ನೇರವಾಗಿ ಸಂಭ್ರಮಕ್ಕೆ ಹೋಗಲಾರೆವೆಂದು ಮಕ್ಕಳನ್ನು ಕಳೆದುಕೊಂಡ ಕುಟುಂಬಗಳಲ್ಲಿಯೇ ಕೆಲವರು ಮೊದಲಿನಿಂದ ಹೇಳುತ್ತ ಬಂದಿದ್ದಾರೆ.

ಆದರೆ ಸರಕಾರ ದಿನವನ್ನು ಗೊತ್ತು ಮಾಡಿದ ಮಾತ್ರಕ್ಕೆ ಅದರ ಅರ್ಥವೂ ಸರಕಾರದ ಹಿಡಿತದಲ್ಲಿ ಉಳಿಯುತ್ತದೆಂದು ನಾನು ಒಪ್ಪುವುದಿಲ್ಲ. 1961ರಲ್ಲಿ ಯೆರೂಸಲೇಮಿನಲ್ಲಿ ನಾಜಿ ಅಧಿಕಾರಿ ಐಷ್‌ಮನ್‌ನ ವಿಚಾರಣೆ ನಡೆದಾಗ ನೂರಕ್ಕೂ ಹೆಚ್ಚು ಸಾಕ್ಷಿಗಳು ತಾವು ಕಂಡದ್ದನ್ನು ಹೇಳಿದರು. ರೇಡಿಯೋದಲ್ಲಿ ಇಡೀ ದೇಶ ಅದನ್ನು ಆಲಿಸಿತು. ದಂಗೆಯೆದ್ದವರು ಮಾತ್ರ ವೀರರೆಂಬ ಭಾವನೆ ಅಲ್ಲಿಂದ ಸಡಿಲವಾಗತೊಡಗಿತು. ಮಗುವಿಗೆ ಒಂದು ತುಂಡು ರೊಟ್ಟಿ ಉಳಿಸಿಟ್ಟದ್ದು, ಶಿಬಿರದೊಳಗೆ ಕದ್ದುಮುಚ್ಚಿ ಹಬ್ಬ ಆಚರಿಸಿದ್ದು, ಇವೂ ಶೌರ್ಯವೇ ಎಂಬ ತಿಳಿವಳಿಕೆ ಬಂದಿತು. ‘ಶೌರ್ಯ’ವೆಂಬ ಹೆಸರು ದಿನಕ್ಕೆ ಹಾಗೆಯೇ ಉಳಿಯಿತು, ಅದರೊಳಗಿನ ಅರ್ಥ ಹೋರಾಟಗಾರರಿಂದ ಸಾಮಾನ್ಯರ ಕಡೆಗೆ ಸರಿಯಿತು. 1989ರಿಂದ ಆ ದಿನ ಸತ್ತವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುವ ಕ್ರಮ ಶುರುವಾಯಿತು. ಯಾದ್ ವಶೆಮ್ ಈವರೆಗೆ ಸಂಗ್ರಹಿಸಿರುವ ಹೆಸರುಗಳು ಸುಮಾರು 50 ಲಕ್ಷ. ಉಳಿದವರ ಹೆಸರು ಹೇಳಲು ಅವರ ಮನೆಗಳಲ್ಲಿ ಯಾರೂ ಬದುಕಿ ಉಳಿಯದೆ ಇದ್ದದ್ದೇ ಬಹುಪಾಲು ಕಾರಣ. ಈಚಿನ ವರ್ಷಗಳಲ್ಲಿ ಯುವಜನರು ಸರಕಾರಿ ಸಮಾರಂಭವನ್ನು ಬಿಟ್ಟು, ಯಾರದೋ ಮನೆಯ ಹಜಾರದಲ್ಲಿ ಇಪ್ಪತ್ತು ಮೂವತ್ತು ಜನ ಕೂಡಿ, ಬದುಕುಳಿದ ಒಬ್ಬರ ಮಾತು ಕೇಳುವ ರೂಢಿಯೂ ಹಬ್ಬಿದೆ.

ಇನ್ನು ಎದುರುಪಕ್ಷದ ದುಃಖದ ಮಾತು. 2006ರಿಂದ ಪ್ರತಿ ವರ್ಷ ಯೋಮ್ ಹಝಿಕರೋನ್‌ನ ಮುನ್ನಾ ಸಂಜೆ ಇಸ್ರೇಲಿ ಮತ್ತು ಪ್ಯಾಲೆಸ್ತೀನಿ ಕುಟುಂಬಗಳು ಸೇರಿ ಒಂದೇ ವೇದಿಕೆಯಲ್ಲಿ ತಮ್ಮ ತಮ್ಮ ಸತ್ತವರನ್ನು ಸ್ಮರಿಸುವ ಜಂಟಿ ಸಮಾರಂಭ ನಡೆಯುತ್ತಿದೆ. ‘ಕಾಂಬಟೆಂಟ್ಸ್ ಫಾರ್ ಪೀಸ್’ ಮತ್ತು ‘ಪೇರೆಂಟ್ಸ್ ಸರ್ಕಲ್’ ಎಂಬ ಎರಡು ಸಂಘಟನೆಗಳು ಅದನ್ನು ನಡೆಸುತ್ತವೆ. ಅದನ್ನು ದ್ರೋಹವೆಂದು ಬೈಯುವವರು ಬಹಳ ಜನರಿದ್ದಾರೆ, ಪ್ಯಾಲೆಸ್ತೀನಿಯರ ಪ್ರವೇಶಕ್ಕೆ ಸರಕಾರ ಅಡ್ಡಿಪಡಿಸಿದ್ದೂ ಉಂಟು. ಇಸ್ರೇಲಿ ಸಮಾಜದಲ್ಲಿ ಅದೊಂದು ಸಣ್ಣ ಧ್ವನಿ, ಅದನ್ನು ದೊಡ್ಡದು ಮಾಡಿ ತೋರಿಸುವುದು ನನ್ನ ಉದ್ದೇಶವಲ್ಲ. ಆದರೆ ಅವರು ಬೇರೆ ದಿನವನ್ನು ಹುಡುಕಲಿಲ್ಲ. ಅದೇ ದಿನವನ್ನು ಹಿಡಿದುಕೊಂಡರು.

ಮಾತುಂಗಾವಾಸಿ

ಚರ್ಚೆ ಯುರೋಪಿನ ಸುತ್ತಲೇ ಸುತ್ತುತ್ತಿದೆ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಮುಂಬಯಿಯಲ್ಲಿ ಬಹಳ ವರ್ಷ ನಮ್ಮ ನೆರೆಯವರಾಗಿದ್ದವರು ಭಾರತೀಯ ಯೆಹೂದಿಗಳಾದ ಬೆನೆ ಇಸ್ರೇಲ್ ಸಮುದಾಯದ ಕುಟುಂಬ. ಕೊಂಕಣದಲ್ಲಿ ಶತಮಾನಗಳಿಂದ ಮರಾಠಿ ಮಾತನಾಡುತ್ತ ಬಾಳಿದ ಈ ಜನರ ಹಿರಿಯರು ತಿಶಾ ಬೆಆವ್ ದಿನವನ್ನು ‘ಬಿರ್ಡ್ಯಾಚಾ ಸಣ್’ ಎಂದು ಕರೆಯುತ್ತಿದ್ದರು. ಮಾಂಸ ಬಿಟ್ಟ ದಿನಗಳ ಕೊನೆಗೆ ಮೊಳಕೆ ಬರಿಸಿದ ವಾಲ್ ಕಾಳಿನ ಬಿರ್ಡೆ ಉಣ್ಣುತ್ತಿದ್ದುದರಿಂದ ಆ ಹೆಸರು. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಅವರಿಗೆ ‘ದಾರ್‌ಫಾಲ್ನೀಚಾ ಸಣ್’, ಬಾಗಿಲು ಮುಚ್ಚುವ ಹಬ್ಬ. ಯೆರೂಸಲೇಮಿನ ನಾಶವನ್ನು ಅವರು ದೂರದಿಂದಲೇ, ತಮ್ಮ ಅಡುಗೆಮನೆಯ ಮೂಲಕ ನೆನೆಯುತ್ತ ಬಂದರು. ಯೆಹೂದಿಗಳೆಂಬ ಕಾರಣಕ್ಕೆ ಸ್ಥಳೀಯರು ಅವರನ್ನು ಬೇಟೆಯಾಡಿದ ನೆನಪು ಅವರ ಕಥನಗಳಲ್ಲಿ ಇಲ್ಲ. ಇಸ್ರೇಲಿಗೆ ವಲಸೆ ಹೋದ ಮೇಲೆ ಅವರ ಮಕ್ಕಳು ಶಾಲೆಯಲ್ಲಿ ನಿಸಾನ್ 27ರ ಸೈರನ್‌ಗೆ ಎದ್ದು ನಿಂತರು. ತಮ್ಮ ಮನೆಯ ಇತಿಹಾಸದಲ್ಲಿಲ್ಲದ ದುಃಖವನ್ನು ರಾಷ್ಟ್ರದ ದುಃಖವಾಗಿ ಕಲಿತರು. ಅದರಲ್ಲಿ ನನಗೆ ಕೃತಕವಾದದ್ದೇನೂ ಕಾಣುವುದಿಲ್ಲ.

ಬಾಗ್ದಾದಿ ಯೆಹೂದಿಗಳ ಕಥೆ ಬೇರೆ. ಬಾಗ್ದಾದಿನಲ್ಲಿ 1941ರ ಜೂನ್ 1 ಮತ್ತು 2ರಂದು, ಶಾವುಒತ್ ಹಬ್ಬದ ದಿನವೇ, ಫರ್ಹೂದ್ ಎಂಬ ಹತ್ಯೆ, ಲೂಟಿ ನಡೆಯಿತು. ಮುಂಬಯಿ, ಕಲ್ಕತ್ತೆಗಳಲ್ಲಿ ನೆಲೆಸಿದ್ದ ಬಾಗ್ದಾದಿ ಮನೆತನಗಳಿಗೆ ಅದು ತಮ್ಮ ಮೂಲ ಊರಿನ ಸುದ್ದಿ. ಆದರೆ ಅರಬ್ ದೇಶಗಳಿಂದಲೂ ಇರಾನಿನಿಂದಲೂ ಹೊರಬಂದ ಯೆಹೂದಿಗಳಿಗೆ ಇಸ್ರೇಲ್ ಒಂದು ಅಧಿಕೃತ ದಿನ ಕೊಟ್ಟದ್ದು 2014ರಲ್ಲಿ. ಅದು ನವೆಂಬರ್ 30. ಇಥಿಯೋಪಿಯದಿಂದ ಸುಡಾನಿನ ಮೂಲಕ ಕಾಲ್ನಡಿಗೆಯಲ್ಲಿ ಹೊರಟು ದಾರಿಯಲ್ಲಿ ಸತ್ತ ಸಾವಿರಾರು ಜನರನ್ನು ಯೆರೂಸಲೇಮ್ ದಿನವಾದ ಇಯಾರ್ 28ರಂದು ಸ್ಮರಿಸುತ್ತಾರೆ. ಯಾವ ಸಮುದಾಯಕ್ಕೆ ದಿನ ಎಷ್ಟು ಬೇಗ ಸಿಕ್ಕಿತು, ಯಾವುದಕ್ಕೆ ಎಷ್ಟು ತಡವಾಯಿತು ಎಂದು ನೋಡಿದರೆ ಆ ದೇಶದೊಳಗಿನ ಶ್ರೇಣಿಯೂ ಗೊತ್ತಾಗುತ್ತದೆ.

ಪಂಚಾಂಗಪ್ರಿಯ

ನಾನು ಕೇಳಿದ್ದಕ್ಕಿಂತ ಹೆಚ್ಚು ದೊರೆಯಿತು. ಎಲ್ಲರಿಗೂ ವಂದನೆಗಳು. ಕರಾವಳಿಯಾಕೆಯವರು ಬರೆದದ್ದನ್ನು ಓದಿದ ಮೇಲೆ, ಬೇಗಿನ್ ಅವರ ಸಲಹೆ ಕೈಗೂಡದಿದ್ದದ್ದೇ ಒಳ್ಳೆಯದಾಯಿತೆಂದು ನನಗೆ ಅನಿಸುತ್ತದೆ. ಒಂದೇ ದಿನದೊಳಗೆ ಎಲ್ಲವನ್ನೂ ತುರುಕಿದ್ದರೆ ರಾಷ್ಟ್ರದ ಸಮಾರಂಭವೂ ಮಗಳೊಬ್ಬಳು ತಂದೆಗೆ ಇಡುವ ದೀಪವೂ ಒಂದನ್ನೊಂದು ಒತ್ತುತ್ತಿದ್ದವು. ತುಂಗಾತೀರರು ಇದನ್ನು ಒಪ್ಪಲಾರರೆಂದು ಬಲ್ಲೆ.

ಇನ್ನೊಂದು ಪ್ರಶ್ನೆ ಉಳಿದಿದೆ. ನಿಸಾನ್ 27 ಶುಕ್ರವಾರ ಬಂದರೆ ಆಚರಣೆಯನ್ನು ಗುರುವಾರಕ್ಕೆ ತರುತ್ತಾರೆ, ಭಾನುವಾರ ಬಂದರೆ ಸೋಮವಾರಕ್ಕೆ ಒಯ್ಯುತ್ತಾರೆ. ಶನಿವಾರದ ವಿಶ್ರಾಂತಿ ದಿನವಾದ ಸಬ್ಬತ್ ಭಂಗವಾಗಬಾರದೆಂಬುದು ಕಾರಣ. ಹಾಗಾಗಿ 2024ರಲ್ಲಿ ಅದು ಮೇ 6ರ ಸೋಮವಾರ, 2025ರಲ್ಲಿ ಏಪ್ರಿಲ್ 24ರ ಗುರುವಾರ ನಡೆಯಿತು. ಇಷ್ಟು ನಿಖರವಾಗಿ ಹೀಬ್ರೂ ಪಂಚಾಂಗವನ್ನು ಪಾಲಿಸುವ ದೇಶ 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ಸ್ಮರಣೆಗೆ ಯಾವ ಪಂಚಾಂಗವನ್ನು ಹಿಡಿಯುತ್ತಿದೆ?

ತುಂಗಾತೀರ

ಒಪ್ಪುವುದಿಲ್ಲ, ಆದರೆ ಆ ಮನೆಯ ದೀಪದ ಎದುರು ನನ್ನ ವಾದವನ್ನು ಮುಂದುವರಿಸುವ ಮನಸ್ಸೂ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರಿಸುತ್ತೇನೆ. ಸುಮಾರು 1,200 ಜನ ಹತರಾಗಿ 251 ಜನ ಒತ್ತೆಯಾಳುಗಳಾದ ಆ ದಿನ ಇಸ್ರೇಲಿನಲ್ಲಿ ತಿಶ್ರಿ ಮಾಸದ 22; ತೋರಾ ಗ್ರಂಥವನ್ನು ಹಿಡಿದು ಕುಣಿಯುವ ಸಿಮ್ಖತ್ ತೋರಾ ಹಬ್ಬ. ಹೀಬ್ರೂ ತಿಥಿಯನ್ನೇ ಹಿಡಿದರೆ ಹಬ್ಬದ ದಿನವೇ ಶೋಕವಾಗುತ್ತದೆ, ಅಂದರೆ 1951ರ ಇಕ್ಕಟ್ಟೇ ಮತ್ತೆ ಎದುರಾಯಿತು. ಸರಕಾರ ಅಂದಿನಂತೆಯೇ ಹಬ್ಬವನ್ನು ದಾಟಿ ತಿಶ್ರಿ 24ನ್ನು ಆಯ್ದುಕೊಂಡಿತು.

ಕರಾವಳಿಯಾಕೆ

ಇಲ್ಲಿಯ ಜನರ ಮಾತಿನಲ್ಲಿ ಅದು ‘ಅಕ್ಟೋಬರ್ 7’ ಎಂದೇ ಇದೆ, ತಿಶ್ರಿಯ ಲೆಕ್ಕ ಹೇಳುವವರು ಕಡಿಮೆ. 2024ರಲ್ಲಿ ಮಡಿದವರ ಮತ್ತು ಒತ್ತೆಯಾಳುಗಳ ಕುಟುಂಬಗಳು ಅಕ್ಟೋಬರ್ 7ರಂದೇ ಟೆಲ್ ಅವೀವ್‌ನ ಯಾರ್ಕೋನ್ ಉದ್ಯಾನದಲ್ಲಿ ತಮ್ಮದೇ ಸಮಾರಂಭ ನಡೆಸಿದವು. ಸರಕಾರದ ಹೀಬ್ರೂ ದಿನ ಬಂದದ್ದು ಅದೇ ತಿಂಗಳ ಕೊನೆಯ ವಾರದಲ್ಲಿ. ಸತ್ತವರಲ್ಲಿ ನಮ್ಮಂತೆ ಹೊರದೇಶಗಳಿಂದ ದುಡಿಯಲು ಬಂದವರೂ ಇದ್ದರು, ಥೈಲೆಂಡಿನ ಕೃಷಿ ಕಾರ್ಮಿಕರು ಮತ್ತು ನೇಪಾಳದ ವಿದ್ಯಾರ್ಥಿಗಳು. ಅವರ ಮನೆಯವರಿಗೆ ತಿಶ್ರಿ ಮಾಸದ ಪರಿಚಯವೇ ಇರಲಾರದು, ಅವರು ನೆನೆಯುವುದು ಅಕ್ಟೋಬರ್ 7ರಂದೇ ಇರಬೇಕು.